ಉಪ್ಪಿಗೊಂದು ಪಂಚಾಂಗ

ಉಡುಪಿಯ ಮಣ್ಣಿನಲ್ಲಿ ಸೋಡಿಯಂ ಎಷ್ಟಿದೆ ಎಂದು ಯಾರಾದರೂ ಕೇಳಿದರೆ, ಉತ್ತರ ಕೊಡುವ ಮೊದಲು ಯಾವ ತಿಂಗಳ ಮಾತು ಎಂದು ತಿರುಗಿ ಕೇಳಬೇಕು. ಕಾಪು ತಾಲೂಕಿನ ಹೊಳೆಬದಿಯಲ್ಲಿ ಉಪ್ಪು ನೀರು ಹತ್ತಿದ ಗದ್ದೆಗೆ ಮೇ ತಿಂಗಳ ನಡುವೆ ಇಳಿದರೆ ಮಣ್ಣಿನ ಮೇಲೆ ಬಿಳಿ ಹುಡಿ ಕಾಣುತ್ತದೆ, ನಾಲಿಗೆಗೆ ತಾಗಿಸಿದರೆ ಉಪ್ಪು ಗೊತ್ತಾಗುತ್ತದೆ. ಅದೇ ಗದ್ದೆಯ ಅದೇ ಮೂಲೆಯಿಂದ ಆಗಸ್ಟ್‌ನಲ್ಲಿ ಮಣ್ಣು ತೆಗೆದು ಪ್ರಯೋಗಾಲಯಕ್ಕೆ ಕೊಟ್ಟರೆ, ಇದು ಕರಾವಳಿಯ ಮಾಮೂಲು ಹುಳಿಮಣ್ಣು, ಸುಣ್ಣ ಹಾಕಿ ಎಂಬ ಸಲಹೆ ಬರಬಹುದು. ಎರಡು ವರದಿಗಳಲ್ಲಿ ಯಾವುದೂ ಸುಳ್ಳಲ್ಲ. ತೊಂದರೆ ಇರುವುದು, ನಮ್ಮ ಕೈಯಲ್ಲಿರುವ ಸೋಡಿಯಂ ಶಾಸ್ತ್ರವೆಲ್ಲ ವರ್ಷವಿಡೀ ಒಂದೇ ಮುಖ ತೋರಿಸುವ ಒಣ ಬಯಲುಗಳ ಮೇಲೆ ಕಟ್ಟಿದ್ದು ಎಂಬಲ್ಲಿ.

ಆ ಶಾಸ್ತ್ರದ ಮೂಲಗ್ರಂಥ 1954ರದ್ದು. ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿರುವ ಅಮೆರಿಕದ ಲವಣತೆ ಪ್ರಯೋಗಾಲಯ ಆ ವರ್ಷ ಹೊರತಂದ 60ನೇ ಕೈಪಿಡಿ ಇಂದಿಗೂ ಕೃಷಿ ಕಾಲೇಜುಗಳ ಪಾಠದಲ್ಲಿದೆ. ಮಣ್ಣಿನ ರಸವನ್ನು ಹಿಂಡಿ ತೆಗೆದಾಗ ಅದರ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೀಮನ್ ದಾಟಿದರೆ ಅದು ಚೌಳು ಮಣ್ಣು. ವಾಹಕತೆ ಕಡಿಮೆಯಿದ್ದೂ, ಜೇಡಿಕಣಗಳಿಗೆ ಅಂಟಿಕೊಂಡ ಧನ ಅಯಾನುಗಳಲ್ಲಿ ಸೋಡಿಯಂ ಪಾಲು ಶೇ. 15 ಮೀರಿ, ಪಿಎಚ್ 8.5ರ ಮೇಲೆ ಹೋಗಿದ್ದರೆ ಅದು ಕ್ಷಾರ ಮಣ್ಣು. ಎರಡೂ ಕೂಡಿದ್ದರೆ ಚೌಳು-ಕ್ಷಾರ. ಕೆನಡಾದ ಆಲ್ಬರ್ಟಾ, ಸಸ್ಕಾಚೆವಾನ್ ಪ್ರಾಂತ್ಯಗಳ ಹುಲ್ಲುಬಯಲುಗಳಲ್ಲಿ, ರಷ್ಯಾ ಮತ್ತು ಉಕ್ರೇನಿನ ಬಯಲುಗಳಲ್ಲಿ ಸಿಗುವ ‘ಸೊಲೊನೆಟ್ಸ್’ ಮಣ್ಣು ಈ ಎರಡನೆಯ ಜಾತಿಗೆ ಮಾದರಿ. ಮೇಲೆ ಗೇಣುದ್ದಕ್ಕಿಂತ ಕಡಿಮೆ ಮರಳು ಮಿಶ್ರಿತ ಗೋಡು ಮಣ್ಣು, ಅದರ ಕೆಳಗೆ ತಲೆ ಗುಂಡಗಾದ ಕಂಬಗಳನ್ನು ಸಾಲಾಗಿ ನಿಲ್ಲಿಸಿದ ಹಾಗೆ ಗಟ್ಟಿ ಜೇಡಿ ಪದರ. ಬೇರು ಅಲ್ಲಿಗೇ ನಿಲ್ಲುತ್ತದೆ, ನೀರೂ ನಿಲ್ಲುತ್ತದೆ.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಘಟ್ಟದ ಮೇಲೆ ಉತ್ತರ ಕರ್ನಾಟಕದವರು ‘ಸವುಳು-ಜವುಳು’ ಎಂದು ಒಂದೇ ಉಸಿರಿನಲ್ಲಿ ಹೇಳುವುದು ಇದೇ ಕುಟುಂಬದ ರೋಗವನ್ನು. ತುಂಗಭದ್ರಾ ಅಣೆಕಟ್ಟಿನ ನೀರು 1950ರ ದಶಕದಲ್ಲಿ ಹರಿಯತೊಡಗಿದ ಮೇಲೆ ಗಂಗಾವತಿ, ಸಿಂಧನೂರು ಸೀಮೆಯ ಕಪ್ಪು ಮಣ್ಣಿನಲ್ಲಿ ಅಂತರ್ಜಲ ಮೇಲೆ ಬಂತು. ಬಂದ ನೀರು ಬಿಸಿಲಿಗೆ ಆರಿತು, ಉಪ್ಪು ಉಳಿಯಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದಶಕಗಳಿಂದ ಈ ಮಣ್ಣಿನ ಮೇಲೆಯೇ ಕೆಲಸ ಮಾಡುತ್ತಿದೆ. ಅಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿ.ಮೀ. ಆಸುಪಾಸು. ತೊಳೆಯಲು ಅದು ಸಾಲದು. ನೀರಿನಲ್ಲಿ ಬೈಕಾರ್ಬೊನೇಟ್ ಇದ್ದರೆ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಕೂತುಬಿಡುತ್ತದೆ, ಮೈದಾನದಲ್ಲಿ ಸೋಡಿಯಂ ಒಂದೇ ಉಳಿಯುತ್ತದೆ, ಪಿಎಚ್ 9 ದಾಟುತ್ತದೆ. ಅದಕ್ಕೆ ಮದ್ದು ಜಿಪ್ಸಂ ಮತ್ತು ಬಸಿಗಾಲುವೆ. 1969ರಲ್ಲಿ ಶುರುವಾದ, ಹರಿಯಾಣದ ಕರ್ನಾಲ್‌ನಲ್ಲಿರುವ ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆ ಈ ಮದ್ದನ್ನು ಲಕ್ಷಾಂತರ ಹೆಕ್ಟೇರಿನಲ್ಲಿ ನಿಜ ಮಾಡಿ ತೋರಿಸಿದೆ. ಅದರಲ್ಲಿ ತಕರಾರಿಲ್ಲ. ಆದರೆ ಆ ಚೀಟಿ ಹಿಡಿದು ಘಟ್ಟ ಇಳಿದರೆ ಲೆಕ್ಕ ತಪ್ಪುತ್ತದೆ.

ಯಾಕೆ ತಪ್ಪುತ್ತದೆ ಎಂಬುದಕ್ಕೆ ಮಣಿಪಾಲದಲ್ಲಿ ಕಟ್ಟಡವೊಂದರ ಪಾಯ ತೋಡುವುದನ್ನು ನೋಡಿದರೆ ಸಾಕು. ಕೆಂಪು-ಹಳದಿ ಬಣ್ಣದ, ತೂತುತೂತಾದ ಮುರಕಲ್ಲು. ಕೆನರಾ ಮತ್ತು ಮಲಬಾರಿನಲ್ಲಿ 1800-01ರಲ್ಲಿ ತಿರುಗಾಡಿದ ಫ್ರಾನ್ಸಿಸ್ ಬ್ಯೂಕನನ್ ‘ಲ್ಯಾಟರೈಟ್’ ಎಂದು ಹೆಸರಿಟ್ಟಿದ್ದು ಈ ಕಲ್ಲಿಗೇ. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ ಯುಗಯುಗಗಳ ಕಾಲ ಸುರಿದು ಮೊದಲು ಕೊಚ್ಚಿ ಒಯ್ದದ್ದು ಸೋಡಿಯಂ ಅನ್ನು, ಅದರ ಬೆನ್ನಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂಗಳನ್ನು, ಆಮೇಲೆ ಮೆಲ್ಲಗೆ ಸಿಲಿಕಾವನ್ನು. ಹಿಂದೆ ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ಕೆಯೊಲಿನೈಟ್ ಎಂಬ ಸೋಮಾರಿ ಜೇಡಿ. ಕಾರ್ಕಳದ ಕಡೆ ಹೋದರೆ ಗ್ರಾನೈಟ್, ನೈಸ್ ಬಂಡೆಗಳು ತಲೆ ಎತ್ತುತ್ತವೆ. 1432ರಲ್ಲಿ ಗೊಮ್ಮಟನನ್ನು ಕಡೆದು ನಿಲ್ಲಿಸಿದ ಊರಲ್ಲವೇ? ಅಲ್ಲಿನ ಮಣ್ಣು ಜಲ್ಲಿ ಕೂಡಿದ ಕೆಂಪು ಗೋಡು. ಎರಡೂ ಕಡೆ ಪಿಎಚ್ ಸಾಮಾನ್ಯವಾಗಿ 5ರಿಂದ 6ರ ನಡುವೆ. ಎತ್ತರದ ಬೆಟ್ಟು, ನಡುಮಟ್ಟದ ಮಜಲು ಗದ್ದೆಗಳಲ್ಲಿ ಸೋಡಿಯಂ ಹುಡುಕುವುದು ವ್ಯರ್ಥ. ಅಡಿಕೆ ತೋಟದ ಹಳದಿ ಎಲೆಗೆ ಉಪ್ಪನ್ನು ದೂರುವವರೂ ಇದ್ದಾರೆ, ಆದರೆ ಕಾರ್ಕಳದ ಮಟ್ಟಿಗೆ ಅದು ನಿರಪರಾಧಿ.

ಸ್ವಾರಸ್ಯವೆಂದರೆ, ಸೋಡಿಯಂ ಇಲ್ಲದ ಈ ಮುರಕಲ್ಲು ನೆಲಕ್ಕೆ ಅದನ್ನು ನಾವೇ ಹಾಕುತ್ತೇವೆ. ತೆಂಗಿನ ಸಸಿ ನೆಡುವ ಹೊಂಡಕ್ಕೆ ಉಪ್ಪು ಹಾಕುವ ರೂಢಿ ಕರಾವಳಿಯ ಹಿರಿಯರಿಗೆಲ್ಲ ಗೊತ್ತು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಲ್ಲೂ ಅದಿದೆ: ಗಟ್ಟಿ ಮುರಕಲ್ಲಿನ ಹೊಂಡಕ್ಕೆ ನೆಡುವ ಆರು ತಿಂಗಳು ಮುಂಚೆ ಎರಡು ಕಿಲೋ ಅಡುಗೆ ಉಪ್ಪು. ತೆಂಗಿಗೆ ಕ್ಲೋರಿನ್ ಬೇಕು ಎಂಬುದು ಒಂದು ಕಾರಣ. ಸಂಸ್ಥೆ ಕೊಡುವ ಕಾರಣ ಬೇರೆ: ಮಣ್ಣು ಸಡಿಲವಾಗಲಿ ಎಂದು. ಉಪ್ಪಿನ ಸೋಡಿಯಂ ಜೇಡಿಕಣಗಳ ಮೇಲೆ ಕೂತು ಅವುಗಳ ಪರಸ್ಪರ ಹಿಡಿತವನ್ನು ಸಡಿಲಿಸುತ್ತದೆ, ಮಳೆ ಬಂದಾಗ ಕಣಗಳು ಬಿಡಿಬಿಡಿಯಾಗುತ್ತವೆ, ಹೊಂಡದ ಗೋಡೆ ಮೆತ್ತಗಾಗಿ ಎಳೆ ಬೇರಿಗೆ ದಾರಿ ಸಿಗುತ್ತದೆ. ಆಲ್ಬರ್ಟಾದ ಗೋಧಿ ರೈತ ಶಾಪ ಹಾಕುವ ಅದೇ ರಾಸಾಯನಿಕ ಕ್ರಿಯೆಯನ್ನು ಇಲ್ಲಿಯ ತೆಂಗು ಬೆಳೆಗಾರ ದುಡ್ಡು ಕೊಟ್ಟು ತಂದು ಹೊಂಡಕ್ಕೆ ಸುರಿಯುತ್ತಾನೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಆ ಸೋಡಿಯಂನ ಬಹುಪಾಲು ತೋಡಿನ ಮೂಲಕ ಕಡಲು ಸೇರಿರುತ್ತದೆ ಎಂಬ ಧೈರ್ಯ ಅವನಿಗಿದೆ.

ನಿಜವಾದ ಉಪ್ಪಿನ ಕಥೆ ನಡೆಯುವುದು ಕರಾವಳಿ ಹೆದ್ದಾರಿಯ ಪಶ್ಚಿಮಕ್ಕೆ, ಕೆಲವು ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ. ಇಲ್ಲಿ ಹೊಳೆಗಳು ನೇರ ಕಡಲಿಗೆ ಬೀಳುವುದಿಲ್ಲ. ಉದ್ಯಾವರ ಹೊಳೆ ಕಡಲಿನ ಹತ್ತಿರ ಬಂದು, ಮನಸ್ಸು ಬದಲಿಸಿ, ಪಡುಕೆರೆಯ ಮರಳು ದಿಣ್ಣೆಯ ಹಿಂದೆ ಸಮುದ್ರಕ್ಕೆ ಸಮಾನಾಂತರವಾಗಿ ಉತ್ತರಕ್ಕೆ ಹರಿದು ಮಲ್ಪೆಯಲ್ಲಿ ಸೇರುತ್ತದೆ. ಸ್ವರ್ಣಾ ಮತ್ತು ಸೀತಾ ನದಿಗಳೂ ಕೋಡಿಬೆಂಗ್ರೆಯಲ್ಲಿ ಹಾಗೆಯೇ ಒಂದು ಉದ್ದನೆಯ ಮರಳ ನಾಲಿಗೆಯನ್ನು ಬಳಸಿ ಕಡಲು ಮುಟ್ಟುತ್ತವೆ. ನೀರಿನ ಒಂದು ಬದಿ ದಿಣ್ಣೆ, ಇನ್ನೊಂದು ಬದಿ ತಗ್ಗಿನ ಬೈಲು ಗದ್ದೆ. ಮಣ್ಣು ಹೊಳೆ ತಂದ ಮೆಕ್ಕಲು ಮತ್ತು ಕಡಲು ತಂದ ಮರಳು ಕೂಡಿದ್ದು, ಅಂದರೆ ಪಕ್ಕಾ ಮರಳುಗೋಡು. ಇದಕ್ಕೆ ಸೋಡಿಯಂ ಬರುವ ದಾರಿ ಮೂರು. ಮೊದಲನೆಯದು ಭರತ, ಅಂದರೆ ಕಡಲಿನ ಉಬ್ಬರ: ಜನವರಿಯ ನಂತರ ಹೊಳೆಯ ಸಿಹಿನೀರಿನ ಒತ್ತಡ ಕುಗ್ಗಿದಂತೆ ಉಪ್ಪು ನೀರು ಹಿಂದಕ್ಕೆ ಏರಿ ತೋಡುಗಳಿಗೆ ನುಗ್ಗುತ್ತದೆ. ಮರಳುಗಾರಿಕೆಯಿಂದ ಹೊಳೆಯ ಹಾಸು ತಗ್ಗಿದಷ್ಟೂ ಅದು ಇನ್ನಷ್ಟು ಮೇಲೆ ಬರುತ್ತದೆ. ಎರಡನೆಯದು ಬಾವಿ. ಕಡಲ ದಂಡೆಯ ಸಿಹಿನೀರು ಕೆಳಗಿನ ಉಪ್ಪು ನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಒಂದು ಮೀಟರ್ ಎತ್ತರದ ಸಿಹಿನೀರು ತನ್ನ ಕೆಳಗೆ ಸುಮಾರು 40 ಮೀಟರ್ ಸಿಹಿನೀರನ್ನು ಹಿಡಿದಿಡಬಲ್ಲದು ಎಂಬುದು ಗೈಬೆನ್-ಹರ್ಜ್‌ಬರ್ಗ್ ಲೆಕ್ಕ. ಅದನ್ನೇ ತಿರುಗಿಸಿ ಓದಿ: ಪಂಪು ಹಾಕಿ ಅರ್ಧ ಮೀಟರ್ ಎಳೆದರೆ ಕೆಳಗಿನಿಂದ ಉಪ್ಪು 20 ಮೀಟರ್ ಮೇಲೇರುವ ಹಾದಿ ಹಿಡಿಯುತ್ತದೆ. ಏತದ ಕಾಲದಲ್ಲಿ ಸಿಹಿಯಿದ್ದ ಬಾವಿ ಪಂಪಿನ ಕಾಲದಲ್ಲಿ ಮಾರ್ಚ್‌ಗೇ ಉಪ್ಪಾಗುವುದು ಹೀಗೆ. ಮೂರನೆಯದು ಗಾಳಿ, ಅಲೆಯ ತುಂತುರು. ಅದು ತೆಂಗಿಗೆ ಲೆಕ್ಕಕ್ಕಿಲ್ಲ, ತರಕಾರಿ ಎಲೆಗೆ ಸುಡುತ್ತದೆ. ಎಲ್ಲೂರಿನ ಉಷ್ಣ ವಿದ್ಯುತ್ ಸ್ಥಾವರದ ಸುತ್ತ ಉಪ್ಪು ತುಂತುರಿನ ಬಗ್ಗೆ ರೈತರ ದೂರು ಇರುವುದನ್ನೂ ಈ ಸಾಲಿನಲ್ಲೇ ಹೇಳಬೇಕು.

ಇನ್ನು ಮರಳುಗೋಡಿನ ಗುಣ. ಇದರಲ್ಲಿ ಜೇಡಿ ಕಡಿಮೆ, ಆದ್ದರಿಂದ ಅಯಾನುಗಳನ್ನು ಹಿಡಿದಿಡುವ ಶಕ್ತಿಯೂ ಕಡಿಮೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಧನ ಅಯಾನು ವಿನಿಮಯ ಸಾಮರ್ಥ್ಯ ಕಿಲೋ ಮಣ್ಣಿಗೆ 5 ಸೆಂಟಿಮೋಲ್ ಎಂದುಕೊಂಡರೆ, ಅದರ ಶೇ. 15 ಎಂದರೆ 0.75. ಹೆಕ್ಟೇರಿನ ಉಳುಮೆ ಪದರದ ಸುಮಾರು 22 ಲಕ್ಷ ಕಿಲೋ ಮಣ್ಣಿಗೆ ಇದು 380 ಕಿಲೋ ಸೋಡಿಯಂ ಆಗುತ್ತದೆ. ಸಮುದ್ರದ ಒಂದು ಘನ ಮೀಟರ್ ನೀರಿನಲ್ಲೇ ಹತ್ತೂವರೆ ಕಿಲೋಗಿಂತ ಹೆಚ್ಚು ಸೋಡಿಯಂ ಇದೆ. ಹಾಗಾಗಿ ಗದ್ದೆಯ ಮೇಲೆ ಮೂರೂವರೆ ಮಿಲಿಮೀಟರ್ ಕಡಲ ನೀರು ನಿಂತರೂ, ಕೈಪಿಡಿಯ ಗೆರೆ ದಾಟಲು ಬೇಕಾದಷ್ಟು ಸೋಡಿಯಂ ಅದರೊಳಗಿದೆ. ಬಂದದ್ದೆಲ್ಲ ಜೇಡಿಗೆ ಅಂಟುವುದಿಲ್ಲ ನಿಜ, ಆದರೆ ಒಂದು ರಾತ್ರಿಯ ದೊಡ್ಡ ಭರತ ಏನು ಮಾಡಬಲ್ಲದು ಎಂಬ ಅಂದಾಜು ಸಿಕ್ಕಿತಲ್ಲ. ಕಪ್ಪು ಎರೆಮಣ್ಣು ಇಷ್ಟಕ್ಕೆಲ್ಲ ಜಗ್ಗುವುದಿಲ್ಲ.

ಸುಲಭವಾಗಿ ಕೆಡುವ ಮಣ್ಣು ಸುಲಭವಾಗಿ ತೊಳೆಯಲೂ ಬರುತ್ತದೆ. ಒಂದು ಅಡಿ ಮಣ್ಣಿನ ಉಪ್ಪಿನಲ್ಲಿ ಮುಕ್ಕಾಲು ಪಾಲನ್ನು ಇಳಿಸಲು ಒಂದು ಅಡಿ ಸಿಹಿನೀರು ಅದರ ಮೂಲಕ ಹಾದುಹೋಗಬೇಕು ಎಂಬುದು ಸ್ಥೂಲ ನಿಯಮ. ಅದು 300 ಮಿ.ಮೀ. ಆಯಿತು. ಉಡುಪಿಯಲ್ಲಿ ಜೂನ್ ಒಂದೇ ತಿಂಗಳು 1,000 ಮಿ.ಮೀ. ಹತ್ತಿರ ಸುರಿಸುತ್ತದೆ. ಗಂಗಾವತಿಯ ರೈತ ಒಂದೂವರೆ ವರ್ಷ ಕಾದು ಪಡೆಯುವಷ್ಟು ಮಳೆ ಇಲ್ಲಿ ಬಿತ್ತನೆ ಮುಗಿಯುವ ಮುಂಚೆ ಬಿದ್ದಿರುತ್ತದೆ. ಸೋಡಿಯಂ ಇಲ್ಲಿ ಬೇಸಿಗೆಯ ನೆಂಟ. ತುಳುವರ ಕಾರ್ತೆಲ್ ತಿಂಗಳಲ್ಲಿ ಮಳೆ ಹಿಡಿದ ಮೇಲೆ ಅದಕ್ಕೆ ಜಾಗವಿಲ್ಲ.

ಆದರೆ ಹೊರಡುವ ಹೊತ್ತಿನಲ್ಲೇ ಅದು ಹೆಚ್ಚು ಕೀಟಲೆ ಮಾಡುತ್ತದೆ. ಈ ಅಂಶವನ್ನು ಬಹಳ ಮಂದಿ ಗಮನಿಸಿಲ್ಲ. ಮಣ್ಣಿನ ನೀರಿನಲ್ಲಿ ಉಪ್ಪು ತುಂಬಿರುವಾಗ ಜೇಡಿಕಣಗಳು ಒಟ್ಟುಗೂಡಿಯೇ ಇರುತ್ತವೆ, ಹೀಗಾಗಿ ಬೇಸಿಗೆಯ ಉಪ್ಪು ಗದ್ದೆಯ ಮಣ್ಣು ಮುಟ್ಟಲು ಹಿಟ್ಟಿನಂತೆ ಹಗುರ. ಮೊದಲ ಮಳೆಗಳು ನೀರಿನ ಉಪ್ಪನ್ನು ಬೇಗ ಒಯ್ಯುತ್ತವೆ, ಕಣಕ್ಕೆ ಅಂಟಿದ ಸೋಡಿಯಂ ಸ್ವಲ್ಪ ತಡವಾಗಿ ಬಿಡುತ್ತದೆ. ಆ ನಡುವಿನ ದಿನಗಳಲ್ಲಿ ಉಪ್ಪಿನ ಕಾವಲಿಲ್ಲ, ಸೋಡಿಯಂ ಇನ್ನೂ ಇದೆ. ಜೇಡಿ ಚದುರುತ್ತದೆ, ಸಣ್ಣ ಸಣ್ಣ ಸಂದುಗಳನ್ನು ತುಂಬುತ್ತದೆ, ಬಿಸಿಲು ಬಂದರೆ ಮೇಲೆ ಹಪ್ಪಳದಂಥ ಹೊದಿಕೆ ಕಟ್ಟುತ್ತದೆ. ಮರಳುಗೋಡು ನೀರು ಕುಡಿಯುವುದಿಲ್ಲವೆಂದರೆ ನಂಬುವುದು ಕಷ್ಟ, ಆದರೆ ಆ ವಾರಗಳಲ್ಲಿ ಅದು ಕುಡಿಯುವುದಿಲ್ಲ.

ಇದನ್ನು ಮನೆಯಲ್ಲೇ ನೋಡಬಹುದು. ಆಸ್ಟ್ರೇಲಿಯಾದ ವಿಜ್ಞಾನಿ ಎಮರ್ಸನ್ 1967ರಲ್ಲಿ ರೂಪಿಸಿದ ಪರೀಕ್ಷೆ ಇದು, ಖರ್ಚು ಏನೂ ಇಲ್ಲ. ಗಾಜಿನ ಲೋಟದಲ್ಲಿ ಮಳೆನೀರು ತೆಗೆದುಕೊಳ್ಳಿ; ಬಾವಿನೀರು, ನಲ್ಲಿನೀರು ಬೇಡ. ಕಡಲೆಕಾಳಿನ ಗಾತ್ರದ ಒಣ ಮಣ್ಣಿನ ಹೆಂಟೆಯನ್ನು ಮೆಲ್ಲಗೆ ಬಿಡಿ, ಕಲಕಬೇಡಿ. ಎರಡು ಗಂಟೆ ಬಿಟ್ಟು ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ನೋಡಿ. ಹೆಂಟೆ ಕುಸಿದು ಪುಡಿಯಾಗಿ, ನೀರು ತಿಳಿಯಾಗಿಯೇ ಇದ್ದರೆ ಗಾಬರಿಯಿಲ್ಲ, ಅದು ಸಾವಯವ ಅಂಶದ ಕೊರತೆ. ಹೆಂಟೆಯ ಸುತ್ತ ಹಾಲಿನಂಥ ಮಬ್ಬು ಹರಡಿ ಮರುದಿನವೂ ತಳಕ್ಕೆ ಇಳಿಯದೆ ನಿಂತಿದ್ದರೆ ಅಲ್ಲಿ ಸೋಡಿಯಂ ಕೆಲಸ ಮಾಡುತ್ತಿದೆ. ಮೇ ತಿಂಗಳ ಉಪ್ಪು ಮಣ್ಣನ್ನು ಹಾಗೆಯೇ ಹಾಕಿದರೆ ಮಬ್ಬು ಏಳದೆ ಇರಬಹುದು, ಅದರೊಳಗಿನ ಉಪ್ಪೇ ಜೇಡಿಯನ್ನು ಹಿಡಿದಿಟ್ಟಿರುತ್ತದೆ. ಅದನ್ನು ಮಳೆನೀರಿನಲ್ಲಿ ಒಂದೆರಡು ಸಲ ತೊಳೆದು ಒಣಗಿಸಿ ಮತ್ತೆ ಹಾಕಿ ನೋಡಬೇಕು. ಕರಾವಳಿಯ ಹೆಚ್ಚಿನ ಮಣ್ಣಿನಲ್ಲಿ ಮಬ್ಬು ಪೂರ್ಣ ಪ್ರಮಾಣಕ್ಕೆ ಹೋಗುವುದಿಲ್ಲ. ಕೆಯೊಲಿನೈಟ್ ಉಬ್ಬುವ ಜೇಡಿಯಲ್ಲ, ಕಬ್ಬಿಣದ ಆಕ್ಸೈಡ್ ಕಣಗಳನ್ನು ಬೆಸೆದಿರುತ್ತದೆ, ಹುಳಿಮಣ್ಣಿನ ಅಲ್ಯೂಮಿನಿಯಂ ಕೂಡ ಕೈಜೋಡಿಸುತ್ತದೆ. ಮುರಕಲ್ಲಿನ ಗುಡ್ಡಗಳು ಬಡ ಮಣ್ಣು ಕಳಿಸುತ್ತವೆ ಎಂದು ಬೈಯುವವರು ಈ ಉಪಕಾರವನ್ನೂ ನೆನೆಯಬೇಕು: ಬೈಲಿಗೆ ಅವು ಕಳಿಸುವ ಜೇಡಿ ಸೋಡಿಯಂಗೆ ಸುಲಭವಾಗಿ ಸೋಲುವುದಿಲ್ಲ.

ಪುಸ್ತಕ ಓದದೆಯೇ ಈ ಪಂಚಾಂಗ ಅರಿತವರು ಮಟ್ಟುವಿನ ಗುಳ್ಳ ಬದನೆ ಬೆಳೆಗಾರರು. ಸೋದೆ ಮಠದ ವಾದಿರಾಜರ ಹೆಸರಿನೊಂದಿಗೆ ಭಕ್ತರು ನೆನೆಯುವ, 2011ರಲ್ಲಿ ಭೌಗೋಳಿಕ ಸೂಚಿ ಪಡೆದ ಮಟ್ಟುಗುಳ್ಳ ಬೆಳೆಯುವುದು ಕಟಪಾಡಿಯ ಪಶ್ಚಿಮಕ್ಕೆ ಮಟ್ಟು, ಕೈಪುಂಜಾಲು, ಉಳಿಯಾರಗೋಳಿ ಸುತ್ತಿನ ಮರಳು ನೆಲದಲ್ಲಿ, ಹೊಳೆ-ಕಡಲುಗಳ ನಡುವೆ. ಬದನೆ ಉಪ್ಪು ತಾಳುವ ಬೆಳೆಯೇ ಅಲ್ಲ. ಮಣ್ಣಿನ ರಸದ ವಾಹಕತೆ 1.1 ದಾಟುತ್ತಿದ್ದಂತೆ ಅದರ ಇಳುವರಿ ಕುಸಿಯುತ್ತದೆ, ಭತ್ತ 3ರವರೆಗೆ ತಡೆಯುತ್ತದೆ. ಹಾಗಿದ್ದೂ ಉಪ್ಪಿನ ಬಾಯಲ್ಲಿ ಬದನೆ ಹೇಗೆ ಬೆಳೆಯಿತು? ಮಳೆಗಾಲದ ಏಣೆಲು ಭತ್ತ ಮುಗಿದ ಮೇಲೆ, ಮಳೆ ತೊಳೆದಿಟ್ಟ ಮಣ್ಣಿನಲ್ಲಿ, ಬಾವಿ ಇನ್ನೂ ಸಿಹಿ ಇರುವಾಗ ಸಸಿ ನೆಟ್ಟು, ಉಪ್ಪು ಮರಳಿ ಬರುವ ಮುಂಚೆ ಮುಖ್ಯ ಕೊಯ್ಲು ಮುಗಿಸುತ್ತಾರೆ. ಹಟ್ಟಿಗೊಬ್ಬರ, ಸುಡುಮಣ್ಣು, ಎತ್ತರಿಸಿದ ಸಾಲು ಎಲ್ಲ ಆ ಕಿಟಕಿಯನ್ನು ಇನ್ನೊಂದೆರಡು ವಾರ ತೆರೆದಿಡುವ ಉಪಾಯಗಳು. ತಳಿಯ ತಾಳಿಕೆಯನ್ನು ನಂಬಿದವರು ಬೇರೆ ಕಡೆ ಇದ್ದಾರೆ: ಕುಮಟಾದ ಅಘನಾಶಿನಿ ಗಜನಿ ಗದ್ದೆಗಳಲ್ಲಿ ಕಗ್ಗ ಭತ್ತ, ಕೇರಳದಲ್ಲಿ ಪೊಕ್ಕಾಳಿ. ಪೊಕ್ಕಾಳಿಯವರು ಬೇಸಿಗೆಯಲ್ಲಿ ಗದ್ದೆಯ ಮಣ್ಣನ್ನು ದಿಬ್ಬ ಮಾಡಿ, ಮೊದಲ ಮಳೆಗೆ ದಿಬ್ಬದ ಉಪ್ಪು ಇಳಿದ ಮೇಲೆ ಅದರ ನೆತ್ತಿಯಲ್ಲಿ ಮೊಳಕೆ ಬಿತ್ತುತ್ತಾರೆ. ಬಿತ್ತುವಷ್ಟು ಜಾಗ ಮಾತ್ರ ಮೊದಲು ಸಿಹಿಯಾದರೆ ಸಾಕು ಎಂಬ ಈ ಲೆಕ್ಕಾಚಾರ ನನಗೆ ಬಹಳ ಮೆಚ್ಚು. ಉಡುಪಿಯ ಬೈಲಿಗೆ ಇದನ್ನು ತಂದು ನೋಡಲು ಅಡ್ಡಿಯೇನೂ ಕಾಣುವುದಿಲ್ಲ.

ಸರಕಾರಿ ಕಾಗದದಲ್ಲಿ ಇದಾವುದೂ ದಾಖಲಾಗುವುದಿಲ್ಲ. ಕೇಂದ್ರ ಸರಕಾರ 2015ರಲ್ಲಿ ಶುರುಮಾಡಿದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ: ಪಿಎಚ್, ವಾಹಕತೆ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಸೋಡಿಯಂ ಇಲ್ಲ. ವಾಹಕತೆ ಇದೆಯಲ್ಲ ಎನ್ನಬಹುದು. ಆದರೆ ಮಾಮೂಲು ಪರೀಕ್ಷೆಯಲ್ಲಿ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆಯುತ್ತಾರೆ. ನೀರು ತುಂಬಿದ ಮರಳುಗೋಡು ಹಿಡಿದಿಡುವುದು ತನ್ನ ತೂಕದ ಶೇ. 30ರಷ್ಟನ್ನು ಮಾತ್ರ. ಅಲ್ಲಿಗೆ ಪ್ರಯೋಗಾಲಯದ ಲೋಟದಲ್ಲಿ ಉಪ್ಪು ಎಂಟು ಪಟ್ಟು ತೆಳುವಾಗಿರುತ್ತದೆ. ಚೀಟಿಯಲ್ಲಿ 0.5 ಎಂದು ಬಂದು ಪಕ್ಕದಲ್ಲಿ ‘ಸಾಮಾನ್ಯ’ ಎಂದಿದ್ದರೂ ಬೇರಿನ ಮಟ್ಟಿಗೆ ಅದು 4ರ ಹತ್ತಿರ, ಚೌಳಿನ ಹೊಸ್ತಿಲು. ಜೇಡಿಮಣ್ಣಿನಲ್ಲಿ ಈ ಅಂತರ ಇಷ್ಟು ದೊಡ್ಡದಲ್ಲ. ಅಂದರೆ ಯಾವ ಮಣ್ಣಿಗೆ ಎಚ್ಚರಿಕೆ ಹೆಚ್ಚು ಬೇಕೋ ಅದಕ್ಕೇ ಚೀಟಿ ಧೈರ್ಯ ಹೇಳುತ್ತದೆ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಂಥ ಕಡೆ ಕೇಳಿದರೆ ರಸ ಹಿಂಡಿ ಅಳೆಯುವ ಪರೀಕ್ಷೆಯ ಬಗ್ಗೆ ಹೇಳಿಯಾರು. ಕೇಳಬೇಕಾದವರು ನಾವು. ಮಾದರಿಯನ್ನು ಏಪ್ರಿಲ್ ಕೊನೆಗೊಮ್ಮೆ, ಸೆಪ್ಟೆಂಬರ್ ಕೊನೆಗೊಮ್ಮೆ ತೆಗೆದು, ಮೇಲೆ ತಾರೀಕು ಬರೆಯಬೇಕು.

ಮದ್ದಿನ ವಿಷಯದಲ್ಲಿ ನನ್ನ ಪಕ್ಷಪಾತ ಸುಣ್ಣದ ಕಡೆಗೆ. ಸೋಡಿಯಂ ಅನ್ನು ಕಣದಿಂದ ಎಬ್ಬಿಸಲು ಕ್ಯಾಲ್ಸಿಯಂ ಬೇಕು. ಗಂಗಾವತಿಯ ಕ್ಷಾರ ಮಣ್ಣಿನಲ್ಲಿ ಸುಣ್ಣ ಕರಗುವುದಿಲ್ಲ, ಅದಕ್ಕೇ ಅಲ್ಲಿ ಜಿಪ್ಸಂ. ಉಡುಪಿಯ ಹುಳಿಮಣ್ಣು ಸುಣ್ಣವನ್ನು ತಾನೇ ಕರಗಿಸಿಕೊಳ್ಳುತ್ತದೆ. ಹುಳಿ ಇಳಿಯುವ ಕೆಲಸ, ಸೋಡಿಯಂ ಏಳುವ ಕೆಲಸ ಎರಡೂ ಒಂದೇ ಖರ್ಚಿನಲ್ಲಿ ಆಗುತ್ತವೆ. ಚಿಪ್ಪಿ ಸುಣ್ಣ ಸುಡುವ ಗೂಡುಗಳು ಕರಾವಳಿಗೆ ಹೊಸತಲ್ಲ. ಹಾಕುವ ಹೊತ್ತು ಮೊದಲ ಮಳೆಯ ಮುಂಚೆ, ಚದುರುವಿಕೆ ಶುರುವಾಗುವ ಮೊದಲು. ಆದರೆ ಎಬ್ಬಿಸಿದ ಸೋಡಿಯಂ ಹೊರಹೋಗಲು ತೋಡು ತೆರೆದಿರಬೇಕು. ಬೇಸಾಯವಿಲ್ಲದೆ ಹಡಿಲು ಬಿದ್ದ ಬೈಲುಗಳಲ್ಲಿ ಮೊದಲು ಮುಚ್ಚಿಹೋದದ್ದೇ ತೋಡುಗಳು. ಉಡುಪಿಯಲ್ಲಿ 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಗದ್ದೆ ಉಳುವ ಆಂದೋಲನ ಮಾಡಿದಾಗ ಊರವರು ಸೇರಿ ನೇಜಿ ನೆಟ್ಟ ಚಿತ್ರಗಳು ಪತ್ರಿಕೆಗಳಲ್ಲಿ ತುಂಬಿದ್ದವು. ಮಣ್ಣಿನ ದೃಷ್ಟಿಯಿಂದ ನೇಜಿಯಷ್ಟೇ ಮುಖ್ಯವಾದದ್ದು ಅದರ ಜೊತೆಗೆ ನಡೆಯುವ ತೋಡಿನ ಹೂಳೆತ್ತುವಿಕೆ. ಅದರ ಚಿತ್ರ ಯಾರೂ ಹಾಕುವುದಿಲ್ಲ.

ಉಳಿದದ್ದು ನೀರಿನ ರಾಜಕೀಯ. ಸ್ವರ್ಣಾ ನದಿ ಕಾರ್ಕಳ ತಾಲೂಕಿನ ಘಟ್ಟದ ಬುಡದಿಂದ ಬರುತ್ತದೆ. ಹಿರಿಯಡಕದ ಬಳಿ ಬಜೆ ಅಣೆಕಟ್ಟಿನಲ್ಲಿ ಅದನ್ನು ತಡೆದು ಉಡುಪಿ, ಮಣಿಪಾಲದ ನಲ್ಲಿಗಳಿಗೆ ಕೊಡುತ್ತಾರೆ. 2019ರ ಮೇ ತಿಂಗಳಲ್ಲಿ ಬಜೆ ಬತ್ತಿದಾಗ ಮಣಿಪಾಲದ ಹಾಸ್ಟೆಲುಗಳ ನೀರಿನ ಸುದ್ದಿ ರಾಜ್ಯವೆಲ್ಲ ತಿರುಗಿತು. ಅದೇ ವಾರಗಳಲ್ಲಿ ಕೆಳಗಿನ ಕೆಮ್ಮಣ್ಣು, ಕಲ್ಯಾಣಪುರದ ಕಡೆಗೆ ಭರತವನ್ನು ತಡೆಯುವಷ್ಟು ಸಿಹಿನೀರು ಇರಲು ಸಾಧ್ಯವೇ ಇಲ್ಲ. ಇದಕ್ಕೆ ಸರಕಾರದ ಉತ್ತರ ಉಪ್ಪು ನೀರು ತಡೆಯುವ ಖಾರ್‌ಲ್ಯಾಂಡ್ ದಂಡೆಗಳು ಮತ್ತು ಪಶ್ಚಿಮವಾಹಿನಿ ಯೋಜನೆಯ ಕಿಂಡಿ ಅಣೆಕಟ್ಟುಗಳು. ಕಾಂಕ್ರೀಟಿನ ಕಂಬಗಳ ನಡುವಿನ ಕಿಂಡಿಗೆ ಹಲಗೆ ಇಳಿಸಿದರೆ ಮೇಲೆ ಸಿಹಿನೀರು, ಕೆಳಗೆ ಉಪ್ಪು ನೀರು. ಎಂಜಿನಿಯರಿಂಗ್ ದೃಷ್ಟಿಯಿಂದ ತಕರಾರಿಲ್ಲ. ತಕರಾರು ತಾರೀಕಿನದ್ದು. ಹೊಳೆಯ ಹರಿವು ಇನ್ನೂ ಜೋರಿರುವ ನವೆಂಬರ್ ಕೊನೆ, ಡಿಸೆಂಬರ್ ಆರಂಭದಲ್ಲಿ ಹಲಗೆ ಇಳಿಯಬೇಕು. ಗುತ್ತಿಗೆಯ ಕಡತ ತಿರುಗಿ, ಹಳೆ ಹಲಗೆ ಕೊಳೆತಿದೆ ಎಂದು ಗೊತ್ತಾಗಿ, ಹೊಸತು ಬರುವಷ್ಟರಲ್ಲಿ ಜನವರಿ ಮುಗಿದರೆ, ಅಷ್ಟರಲ್ಲಿ ಮೇಲೆ ಬಂದ ಉಪ್ಪು ನೀರನ್ನೇ ಹಲಗೆ ಒಳಗೆ ಕಟ್ಟಿಹಾಕುತ್ತದೆ. ಬೇಗ ಹಾಕಿದರೂ ಮೀನು, ಮರುವಾಯಿ ನಂಬಿದವರ ಆಕ್ಷೇಪ ಇದ್ದೇ ಇದೆ, ಅದನ್ನೂ ಕೇಳಬೇಕು. ಹಲಗೆಗಳ ಸಂದಿಗೆ ಮಣ್ಣು ಸರಿಯಾಗಿ ತುಂಬದೆ ಹೋದರೆ ದೊಡ್ಡ ಭರತದ ರಾತ್ರಿ ಉಪ್ಪು ಆ ಸಂದಿಯಲ್ಲೇ ನುಸುಳುತ್ತದೆ, ಮೂರೂವರೆ ಮಿಲಿಮೀಟರಿನ ಲೆಕ್ಕ ಅಲ್ಲಿಂದಲೇ ಶುರುವಾಗುತ್ತದೆ. ಹಲಗೆ ಇಳಿಸುವ ದಿನವನ್ನು ಗುತ್ತಿಗೆದಾರನ ಅನುಕೂಲಕ್ಕೆ ಬಿಡದೆ, ಹೊಳೆಯ ನೀರಿನ ವಾಹಕತೆಯನ್ನು ವಾರಕ್ಕೊಮ್ಮೆ ಅಳೆದು ಗ್ರಾಮ ಪಂಚಾಯತಿಯೇ ನಿಶ್ಚಯಿಸುವ ಅಧಿಕಾರ ಕೊಟ್ಟರೆ, ಬೇಕಾಗುವ ಉಪಕರಣ ಕೈಯಲ್ಲಿ ಹಿಡಿಯುವ ಒಂದು ಸಣ್ಣ ಮೀಟರ್ ಮಾತ್ರ.